ಮೂಳೆ ತಳಿ ಹೇಳುವುದಿಲ್ಲ

ಮೊನ್ನೆ ಒಂದು ಮೇಳದಲ್ಲಿ ಊರಕೋಳಿ ಮರಿ ಮಾರುವವರ ಬೋರ್ಡು ನೋಡಿದೆ. '5,000 ವರ್ಷ ಹಳೆಯ ಶುದ್ಧ ತಳಿ' ಅಂತ. ಹೇಗೆ ಗೊತ್ತು ಮಾರಾಯ್ರೆ ಎಂದೆ. "ಉತ್ಖನನದಲ್ಲಿ ಮೂಳೆ ಸಿಕ್ಕಿದೆಯಲ್ಲ!" ಮರಿಗೆ ಮಾಮೂಲಿನ ಮೂರು ಪಟ್ಟು ರೇಟು. ನನ್ನೆದುರೇ ಇಬ್ಬರು ಕೊಂಡೊಯ್ದರು.

ಮೂಳೆ ಸಿಗುವುದು ನಿಜ. ಅದು ಎಷ್ಟು ಹೇಳುತ್ತದೆ ಎಂಬುದು ಬೇರೆ ಮಾತು. ಅಳೆದರೆ ಹಕ್ಕಿಯ ಗಾತ್ರ ಗೊತ್ತಾಗುತ್ತದೆ. ಕಾಲಿನ ಮೂಳೆಯಲ್ಲಿ ಮುಳ್ಳು ಇದ್ದರೆ ಹೆಚ್ಚಾಗಿ ಹುಂಜ. ಹೆಚ್ಚಾಗಿ ಅಂದೆ, ಯಾಕೆಂದರೆ ಮುಳ್ಳು ಬಂದ ಮುದಿ ಹೇಂಟೆಯನ್ನು ನೀವೂ ನೋಡಿರಬಹುದು. ಮೊಟ್ಟೆಯಿಡುವ ಹೇಂಟೆ ಚಿಪ್ಪಿಗೆ ಬೇಕಾದ ಸುಣ್ಣವನ್ನು ಮೂಳೆಯ ಪೊಳ್ಳಿನೊಳಗೆ ಕೂಡಿಡುತ್ತದೆ. ಅದು ಕಂಡರೆ ಮೊಟ್ಟೆಯ ಕಾಲದಲ್ಲಿ ಸತ್ತದ್ದು ಎನ್ನಬಹುದು. ದೊಡ್ಡ ಜುಟ್ಟಿನ ಕೆಲವು ಕೋಳಿಗಳ ತಲೆಬುರುಡೆ ಉಬ್ಬಿರುತ್ತದೆ. ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಪುಕ್ಕದ ಬಣ್ಣ, ಕಾವು ಕೂರುವ ಗುಣ, ಹದ್ದು ಕಂಡರೆ ಮರಿ ಅಡಗಿಸುವ ಬುದ್ಧಿ, ಅಂದರೆ ನಾವು ಯಾವುದನ್ನು ನೋಡಿ ಕೋಳಿ ಇಟ್ಟುಕೊಳ್ಳುತ್ತೇವೋ ಅದು ಯಾವುದೂ ಮೂಳೆಯಲ್ಲಿಲ್ಲ.

ತಳಿ ಇರಲಿ, ಕೋಳಿಯೋ ಅಲ್ಲವೋ ಎಂಬಲ್ಲೇ ಪಂಡಿತರು ಎಡವಿದ್ದಾರೆ. ಉತ್ತರ ಚೀನಾದ 10,000 ವರ್ಷ ಹಿಂದಿನ ಕೋಳಿ ಎಂದಿದ್ದನ್ನು 2022ರಲ್ಲಿ ಪ್ರಕಟವಾದ ಮರುಪರಿಶೀಲನೆ ಒಪ್ಪಲಿಲ್ಲ. ಫೆಸೆಂಟ್ ಎಂಬ ಕಾಡುಹಕ್ಕಿಯ ಮೂಳೆಗಳೂ ಕೋಳಿಯ ಲೆಕ್ಕಕ್ಕೆ ಸೇರಿದ್ದವಂತೆ. ಅದೇ ವರ್ಷ ಯುರೋಪ್ ಕಡೆಯ 23 ಮೂಳೆಗಳ ವಯಸ್ಸನ್ನು ನೇರವಾಗಿ ಪರೀಕ್ಷಿಸಿದಾಗ ಹೆಚ್ಚಿನವು ಅಂದುಕೊಂಡದ್ದಕ್ಕಿಂತ ಹೊಸತು! ಸಣ್ಣ ಮೂಳೆ ನೋಡಿ, ಮಣ್ಣಿನಲ್ಲಿ ಕೆಳಗಿನ ಪದರಕ್ಕೆ ಇಳಿದುಬಿಡುತ್ತದೆ. ಆ ಸಂಶೋಧಕರು ಖಚಿತ ಎನ್ನುವ ಅತಿ ಹಳೆಯ ಸಾಕುಕೋಳಿ ಥಾಯ್ಲೆಂಡಿನ ಬಾನ್ ನಾನ್ ವಾಟ್‌ನದು, ಕ್ರಿ.ಪೂ. 1650ರಿಂದ 1250ರ ಕಾಲದ್ದು. ಭತ್ತ, ಸಿರಿಧಾನ್ಯದ ಬೆಳೆ ಬಂದ ಮೇಲೆ ಕಾಳಿನಾಸೆಗೆ ಕಾಡುಕೋಳಿ ಮನುಷ್ಯರ ಹತ್ತಿರ ಬಂತು ಎಂಬುದು ಅವರ ತರ್ಕ. ಗದ್ದೆಯಂಚಿನವರಾದ ನಮಗೆ ಇದನ್ನು ನಂಬಲು ಕಷ್ಟವಿಲ್ಲ. ಬೋರ್ಡಿನ 5,000 ಮಾತ್ರ ಇದಕ್ಕೆ ಹೊಂದುವುದಿಲ್ಲ.

'ಶುದ್ಧ' ಎಂಬುದೂ ಅಷ್ಟೇ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮದ ಗುಣ ಬಂದದ್ದು ನಮ್ಮ ಘಟ್ಟದಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಂಶವಾಹಿ ಪರೀಕ್ಷೆ ತೋರಿಸಿತು. ಹಳದಿ ಕಾಲಿನ ಕೋಳಿ ಹಿಡಿದು ಶುದ್ಧ ಅನ್ನುವುದು ಹೇಗೆ?

ಮೂಳೆಯಲ್ಲೇ ಸ್ಪಷ್ಟವಾಗಿ ಗುರುತು ಸಿಗುವ ಕೋಳಿ ಒಂದುಂಟು, ಬ್ರಾಯ್ಲರ್. ಲಂಡನಿನ ಹಳೇ ಮೂಳೆಗಳೊಂದಿಗೆ ಹೋಲಿಸಿದ 2018ರ ವರದಿಯಂತೆ ಅದರ ಕಾಲೆಲುಬು ಮಧ್ಯಯುಗದ ಕೋಳಿಯದಕ್ಕಿಂತ ಸುಮಾರು ಇಮ್ಮಡಿ ದಪ್ಪ. ಮುಂದೆ ಯಾರಾದರೂ ನಮ್ಮ ಕಾಲವನ್ನು ಅಗೆದರೆ ರಾಶಿರಾಶಿ ಸಿಗುವುದು ಅದೇ.

ನಮ್ಮ ಊರಕೋಳಿಯ ಲೆಕ್ಕ ಇಡಬೇಕಾದವರು ಹಾಗಾದರೆ ಸಾಕುವ ನಾವೇ. ಕರ್ನಾಲಿನ ರಾಷ್ಟ್ರೀಯ ಬ್ಯೂರೋ ದೇಸಿ ತಳಿಗಳನ್ನು ನೋಂದಾಯಿಸುತ್ತದೆ. ಅಲ್ಲಿಗೆ ಹೋಗುವ ಮೊದಲು ನಮ್ಮಲ್ಲಿ ಬರೆದಿಟ್ಟದ್ದು ಏನಾದರೂ ಇರಬೇಡವೇ? ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಶುರು ಮಾಡಿದ್ದೇನೆ. ಬೋಳುಕುತ್ತಿಗೆಯ ಕೆಂಚು ಹೇಂಟೆ, ಹಳದಿ ಕಾಲು, ಹನ್ನೊಂದು ಮೊಟ್ಟೆಗೆ ಕಾವು ಕೂತು ಒಂಬತ್ತು ಮರಿ. ಎರಡನ್ನು ಮುಂಗುಸಿ ಒಯ್ದಿತು.