ಮೂಕಿ ಚಿತ್ರದ ನಟಿಯೂ ನಮ್ಮ ಸೋದರತ್ತೆಯೂ



ಕಳೆದ ದೀಪಾವಳಿಗೆ ಗುಂಡಗುರ್ತಿಗೆ ಬಂದಿದ್ದ ಮೊಮ್ಮಗನು ತನ್ನ ಮೊಬೈಲಿನಲ್ಲಿ ಅಮೆರಿಕದ ಹಳೆಯ ಸಂದರ್ಶನವೊಂದನ್ನು ನನಗೆ ತೋರಿಸಿದನು. ಡಿಕ್ ಕ್ಯಾವೆಟ್ ಎಂಬವರು ನಡೆಸುತ್ತಿದ್ದ ಕಾರ್ಯಕ್ರಮವದು; 1970ರ ಆಗಸ್ಟ್ ತಿಂಗಳಿನದು. ಎಪ್ಪತ್ತೊಂದು ವರ್ಷದ ಗ್ಲೋರಿಯಾ ಸ್ವಾನ್ಸನ್ ಅದರಲ್ಲಿ ಅತಿಥಿ. ಮೂಕಿ ಚಿತ್ರಗಳ ಕಾಲದಲ್ಲಿ ಜಗತ್ಪ್ರಸಿದ್ಧಳಾಗಿದ್ದ ನಟಿ. 1919ರ ಒಂದು ಚಿತ್ರದಲ್ಲಿ ನಿಜವಾದ ಸಿಂಹವು ಆಕೆಯ ಬೆನ್ನ ಮೇಲೆ ಪಂಜವೂರಿತ್ತೆಂಬುದು ಬಲ್ಲವರೆಲ್ಲ ಹೇಳುವ ಸಂಗತಿ. ಅದೇ ವೇದಿಕೆಯಲ್ಲಿ ಆ ದಿನ ಯುವ ಗಾಯಕಿ ಜಾನಿಸ್ ಜೋಪ್ಲಿನ್ ಕೂಡ ಇದ್ದರು. ಎರಡೇ ತಿಂಗಳಲ್ಲಿ ಆ ಗಾಯಕಿ ತೀರಿಕೊಂಡರು. ಮುದುಕಿ ಇನ್ನೂ ಹದಿಮೂರು ವರ್ಷ ಬದುಕಿದರು.

ಆ ಇಂಗ್ಲಿಷು ನನಗೆ ಪೂರ್ತಿ ಹಿಡಿಯಲಿಲ್ಲ. ಆದರೆ ಒಂದು ಸಂಗತಿ ಮನಸ್ಸನ್ನು ಕೊರೆಯಿತು. ಹಾಲಿವುಡ್ ಎಂಬುದು ಇನ್ನೂ ಹಳ್ಳಿಯಂತಿದ್ದು, ಕುದುರೆಯ ಲಾಯವನ್ನೇ ಸ್ಟುಡಿಯೋ ಮಾಡಿಕೊಂಡು ಚಿತ್ರ ತೆಗೆಯುತ್ತಿದ್ದ ಕಾಲವನ್ನು ಕಂಡ ಹೆಂಗಸನ್ನು ಅವರು ಕರೆದು, ಕೂಡಿಸಿ, ಕೇಳಿದರು. ನಾವು ಕೇಳಿದೆವೇ?

ಕೇಳಬೇಕಾದವರು ನಮ್ಮಲ್ಲಿಯೂ ಇದ್ದರು. ಶೂದ್ರಕನ ನಾಟಕವನ್ನಾಧರಿಸಿ ಮೋಹನ ಭಾವನಾನಿಯವರು 1931ರಲ್ಲಿ ‘ಮೃಚ್ಛಕಟಿಕ’ ಎಂಬ ಮೂಕಿ ಚಿತ್ರವನ್ನು ತೆಗೆದರು. ಏಣಾಕ್ಷಿ ರಾಮರಾವ್, ಟಿ. ಪಿ. ಕೈಲಾಸಂ ಅವರೊಡನೆ ಅದರಲ್ಲಿ ನಟಿಸಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಅದರ ಹಿಂದಿನ ವರ್ಷವಷ್ಟೇ ಉಪ್ಪಿನ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾಗಿದ್ದ ಅದೇ ಕಮಲಾದೇವಿ! 1913ರಲ್ಲಿ ಫಾಲ್ಕೆಯವರಿಗೆ ತಾರಾಮತಿಯ ಪಾತ್ರಕ್ಕೆ ಹೆಣ್ಣು ಸಿಗದೆ, ಸಾಳುಂಕೆ ಎಂಬ ಗಂಡಸಿಗೆ ಸೀರೆ ಉಡಿಸಬೇಕಾಯಿತು. ಹದಿನೆಂಟು ವರ್ಷಗಳ ತರುವಾಯವೂ ಆ ಅಂಜಿಕೆ ಪೂರ್ಣವಾಗಿ ಹೋಗಿರಲಿಲ್ಲ. ಅಂಥದರಲ್ಲಿ ಬಾಲವಿಧವೆಯಾಗಿ, ಮರುವಿವಾಹವಾಗಿ, ಸೆರೆಮನೆ ಕಂಡ ಮಹಿಳೆಯೊಬ್ಬರು ಮುಖಕ್ಕೆ ಬಣ್ಣ ಹಚ್ಚಿಕೊಂಡು ಕ್ಯಾಮರಾದೆದುರು ನಿಂತದ್ದು ಸಣ್ಣ ಧೈರ್ಯವೆಂದು ನನಗೆ ತೋರುವುದಿಲ್ಲ. ಅವರು 1988ರವರೆಗೆ ಬದುಕಿದ್ದರು. ಗುಬ್ಬಿ ಕಂಪನಿಯ ಬಿ. ಜಯಮ್ಮನವರೂ ಅದೇ ವರ್ಷ ತೀರಿಕೊಂಡರು. ಅವರೂ ಮೂಕಿ ಚಿತ್ರವನ್ನು ಕಂಡವರೇ.

ಉಪಕರಣವಿರಲಿಲ್ಲವೆಂದು ನಾವು ಹೇಳುವಂತಿಲ್ಲ. 1975ರ ಆಗಸ್ಟಿನಲ್ಲಿ ಉಪಗ್ರಹದ ಮೂಲಕ ದೂರದರ್ಶನವು ದೇಶದ 2,400 ಹಳ್ಳಿಗಳಿಗೆ ಬಂದಾಗ ನಮ್ಮ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳೂ ಆ ಯೋಜನೆಯಲ್ಲಿದ್ದವು. ಕೋಳಿಬಲೆಯಂಥ ತಂತಿಯ ಹತ್ತು ಅಡಿಯ ದೊಡ್ಡ ತಟ್ಟೆಯನ್ನು ನೋಡಲು ನಾನು ಸೈಕಲ್ ತುಳಿದುಕೊಂಡು ಹೋಗಿದ್ದೆನು. ಬೀಜೋಪಚಾರ, ಕುಟುಂಬ ಯೋಜನೆ ಮುಂತಾದ ವಿಷಯಗಳನ್ನು ಕನ್ನಡದಲ್ಲಿ ಕೇಳಿ ಸಂತೋಷಪಟ್ಟೆನು. ಆಮೇಲೆ ಮನೆಗೂ ಟಿ. ವಿ. ಬಂದಿತು. ಈ ಇಷ್ಟು ವರ್ಷಗಳಲ್ಲಿ ಮೂಕಿ ಚಿತ್ರದ ಕನ್ನಡದ ನಟಿಯೊಬ್ಬರು ಕುರ್ಚಿಯಲ್ಲಿ ಕುಳಿತು ಆ ಕಾಲವನ್ನು ನೆನೆಯುವುದನ್ನು ನಾನು ನೋಡಲಿಲ್ಲ. ಮರಾಠಿಯವರ ಪುಣ್ಯ ದೊಡ್ಡದು. 1913ರ ‘ಮೋಹಿನಿ ಭಸ್ಮಾಸುರ’ದಲ್ಲಿ ಬಾಲಕಿಯಾಗಿ ನಟಿಸಿದ ಕಮಲಾಬಾಯಿ ಗೋಖಲೆಯವರು ವೃದ್ಧೆಯಾಗಿದ್ದಾಗ, ರೀನಾ ಮೋಹನ್ ಎಂಬವರು ಅವರ ಮನೆಗೇ ಹೋಗಿ ಸಾಕ್ಷ್ಯಚಿತ್ರ ಮಾಡಿದರು.

ಮುದಿ ನಟಿಯರ ಮಾತೆಲ್ಲ ಆತ್ಮಪ್ರಶಂಸೆ, ಅರ್ಧ ಸುಳ್ಳು ಎಂದು ಮೊಮ್ಮಗ ವಾದಿಸಿದನು. ಇರಬಹುದು. ನಮ್ಮ ಚಿತ್ತಾಪುರದ ಪಕ್ಕದ ನಾಗಾವಿಯ ಶಾಸನದಲ್ಲಿಯೂ ಅರಸರ ಹೊಗಳಿಕೆ ಹೇರಳವಾಗಿದೆ. ಆದರೆ ಅಲ್ಲಿಯ ಘಟಿಕಾಸ್ಥಾನದಲ್ಲಿ ಓದುವವರಿಗೆ, ಓದಿಸುವವರಿಗೆ, ಗ್ರಂಥಭಂಡಾರ ನೋಡಿಕೊಳ್ಳುವವರಿಗೆ ಏರ್ಪಾಟು ಹೇಗಿತ್ತೆಂಬುದು ನಮಗೆ ತಿಳಿದದ್ದೂ ಆ ಕಲ್ಲಿನಿಂದಲೇ ಅಲ್ಲವೇ? ಹೊಗಳಿಕೆಯನ್ನು ಪಕ್ಕಕ್ಕಿರಿಸಿ ಸಂಗತಿಯನ್ನು ಆರಿಸಿಕೊಳ್ಳುವುದು ಕೇಳುವವನ ಕೆಲಸ. ಸಂದರ್ಶಕರು ಪ್ರೇಮಪ್ರಕರಣ, ಒಡವೆ-ವಸ್ತ್ರಗಳನ್ನೇ ಕೆದಕಿದರೆ ಉತ್ತರವೂ ಅದೇ ಬರುತ್ತದೆ. ದೀಪಗಳ ಸೆಖೆ ಹೇಗಿತ್ತು? ದಿನಗೂಲಿ ಎಷ್ಟು? ಮಾತಿಲ್ಲದ ಚಿತ್ರವಾದ್ದರಿಂದ ಹಾಲಿವುಡ್ಡಿನಲ್ಲಿ ಕ್ಯಾಮರಾ ತಿರುಗುತ್ತಿರುವಾಗಲೇ ನಿರ್ದೇಶಕರು ಕೂಗಿ ಹೇಳುತ್ತಿದ್ದರು, ಅಳು ಬರಿಸಲು ಪಕ್ಕದಲ್ಲಿ ಪಿಟೀಲು ನುಡಿಸುತ್ತಿದ್ದರು, ನಿಮ್ಮಲ್ಲಿ ಹೇಗೆ? ನೀವು ನಟಿಸಿದ ದಿನ ಮನೆಯಲ್ಲಿ ಯಾರು ಅತ್ತರು? ಇವು ಪ್ರಶ್ನೆಗಳು. ಚಿತ್ರಗಳೇ ಉಳಿದಿದ್ದರೆ ಇಷ್ಟು ಹಲುಬುತ್ತಿರಲಿಲ್ಲ. ಈ ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯವು. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಪ್ರತಿಯೂ ಇಂದು ಇಲ್ಲ.

ಇತರರನ್ನು ದೂರುವುದು ಸುಲಭ. ಈಗ ನನ್ನ ವಿಷಯ.

ನಮ್ಮ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನಲ್ಲಿ ಧೀರೇನ್ ಗಂಗೂಲಿಯವರು 1922ರಲ್ಲಿ ಲೋಟಸ್ ಫಿಲಂ ಕಂಪನಿ ಕಟ್ಟಿ ಮೂಕಿ ಚಿತ್ರಗಳನ್ನು ತೆಗೆದರು. 1924ರಲ್ಲಿ ‘ರಜಿಯಾ ಬೇಗಂ’ ಎಂಬ ಚಿತ್ರವನ್ನು ತೋರಿಸಿದ್ದಕ್ಕಾಗಿ ಸಂಸ್ಥಾನವನ್ನೇ ಬಿಡಬೇಕಾಯಿತು. ಅದಾದ ಕೆಲವು ವರ್ಷಗಳಿಗೆ, ಶರಣಬಸವೇಶ್ವರರ ಜಾತ್ರೆಯಲ್ಲಿ ಹಾಕಿದ್ದ ಡೇರೆಯೊಂದರಲ್ಲಿ ನಮ್ಮ ಸೋದರತ್ತೆ ಹತ್ತು ವರ್ಷದ ಹುಡುಗಿಯಾಗಿದ್ದಾಗ ಮೂಕಿ ಚಿತ್ರ ನೋಡಿದ್ದರು. ಪರದೆಯ ಪಕ್ಕದಲ್ಲಿ ಒಬ್ಬಾತ ನಿಂತು ಉರ್ದುವಿನಲ್ಲಿ ಕಥೆ ಹೇಳುತ್ತಿದ್ದನಂತೆ. ಅದು ತಿಳಿಯದ ನಮ್ಮ ಜನ ತಾವೇ ಕನ್ನಡದಲ್ಲಿ ಮಾತು ಕೂಡಿಸುತ್ತಿದ್ದರಂತೆ. “ಮಾತಿಲ್ಲದ ಸಿನಿಮಾ ಅಂತ ಯಾರ ಅಂದಾರೋ ತಮ್ಮಾ? ಡೇರೇದಾಗ ಒಬ್ಬರ ಮಾತು ಒಬ್ಬರಿಗೆ ಕೇಳಸ್ತಿದ್ದಿಲ್ಲ” ಎಂದು ನಗುತ್ತಿದ್ದರು. ಆ ಚಿತ್ರದ ನಟಿಯ ತುಟಿ ಅಲುಗಿದಾಗ ತಮ್ಮ ಪಕ್ಕದ ಮುದುಕಿಯೊಬ್ಬಳು “ಅಳಬ್ಯಾಡ ನನ್ನವ್ವಾ” ಎಂದು ಪರದೆಗೆ ಹೇಳಿದ್ದನ್ನು ಅವರು ಕಡೆಯವರೆಗೂ ಮರೆತಿರಲಿಲ್ಲ.

ಅವರ ಕೊನೆಯ ದಿನಗಳಲ್ಲಿ ನನ್ನಲ್ಲಿ ಟೇಪ್ ರೆಕಾರ್ಡರ್ ಇತ್ತು. ಮಕ್ಕಳ ಪದ್ಯವಾಚನವನ್ನು ಅದರಲ್ಲಿ ಮುದ್ರಿಸಿಕೊಂಡು ತಿದ್ದುತ್ತಿದ್ದೆನು. ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಬೇಸಿಗೆ ರಜೆಯಲ್ಲಿ ಅತ್ತೆಯ ಮಾತನ್ನೂ ಹಿಡಿದಿಡೋಣವೆಂದುಕೊಂಡೆನು. ರಜೆಗೆ ಮುಂಚೆಯೇ ಅವರು ಹೋದರು.

ಚಿತ್ರದ ಹೆಸರು ಅವರಿಗೆ ಗೊತ್ತಿರಲಿಲ್ಲ. ಮೂಗುತಿಯ ಹೆಂಗಸು, ಒಂದು ಕೋಟೆ, ಮತ್ತು ಒಂದು ಕುದುರೆ. ಕುದುರೆಯಲ್ಲ ಆನೆ ಎಂದು ನನ್ನ ತಮ್ಮನ ವಾದ. ಅವನೂ ಅತ್ತೆಯ ಬಾಯಿಂದಲೇ ಕೇಳಿದವನು. ಅತ್ತೆಯ ಬಳಿ ಕುಳಿತು ಈ ಕಥೆ ಕೇಳಿದ ಬಂಧುಗಳು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿರಿ.