ಎಳ್ಳುಕಾಳಿನಷ್ಟು ತಪ್ಪಿದ ಗುಂಡು

1761ರ ಜನವರಿ 14. ಪಾಣಿಪತದ ಕಣದಲ್ಲಿ ಪೇಶ್ವೆಯ ಮಗ ವಿಶ್ವಾಸರಾಯನಿಗೆ ಗುಂಡು ತಗುಲಿತು, ಮರಾಠರ ಸೈನ್ಯ ಎದೆಗುಂದಿತು. ಇದು ನಮಗೆ ಗೊತ್ತಿರುವ ಇತಿಹಾಸ. ಖಗೋಳವಿಜ್ಞಾನಿ ಜಯಂತ್ ನಾರ್ಲೀಕರ್ ಬರೆದ ಕಥೆಯಲ್ಲಿ ಆ ಗುಂಡು ಅವನ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ತಪ್ಪಿದ್ದು ಎಳ್ಳುಕಾಳಿನಷ್ಟು, ಅಷ್ಟೇ. ಮರಾಠರು ಗೆಲ್ಲುತ್ತಾರೆ. ಮುಂಬಯಿಯಲ್ಲಿ ಮಾತ್ರ ಈಸ್ಟ್ ಇಂಡಿಯಾ ಕಂಪನಿ ಇಪ್ಪತ್ತನೇ ಶತಮಾನದಲ್ಲೂ ಠಿಕಾಣಿ ಹೂಡಿರುತ್ತದೆ!

ಪುಣೆಯ ಇತಿಹಾಸದ ಮೇಷ್ಟ್ರು ಗಂಗಾಧರಪಂತ ಈ ಇನ್ನೊಂದು ಲೋಕಕ್ಕೆ ಹೋಗಿ, ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ಕೂತು, ಚರಿತ್ರೆ ತಿರುಗಿದ್ದೆಲ್ಲಿ ಎಂದು ಹುಡುಕುತ್ತಾರೆ. ಮರಳಿ ಬಂದಾಗ ಕೈಯಲ್ಲಿ ಉಳಿದಿದ್ದು ಹಳೆಯ ಬಖರಿನ, ಅಂದರೆ ಮರಾಠಿ ಚರಿತ್ರೆಯ ಕಥನದ, ಹರಿದ ಒಂದೇ ಹಾಳೆ. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಇದನ್ನು ಓದಿದ ಮಕ್ಕಳು ನಮ್ಮಲ್ಲೂ ಇದ್ದಾರೆ. ಓದಿದವರಿಗೆ ಕಥೆ ವಿವರಿಸುವ ಕ್ವಾಂಟಂ ಅನಿಶ್ಚಿತತೆ ಮರೆತಿರಬಹುದು, ಆ ಹಾಳೆ ಮರೆಯುವುದಿಲ್ಲ.

2025ರ ಮೇನಲ್ಲಿ ತೀರಿಕೊಂಡ ನಾರ್ಲೀಕರ್ ಹುಟ್ಟಿದ್ದು 1938ರಲ್ಲಿ, ನಮ್ಮ ಗಡಿಯಾಚೆಯ ಕೊಲ್ಹಾಪುರದಲ್ಲಿ. ಕೇಂಬ್ರಿಜ್‌ನಲ್ಲಿ ಫ್ರೆಡ್ ಹೊಯ್ಲ್ ಅವರ ಶಿಷ್ಯ. ಗುರುಶಿಷ್ಯರು 1964ರಲ್ಲಿ ಮಂಡಿಸಿದ ಗುರುತ್ವ ಸಿದ್ಧಾಂತ ಇಬ್ಬರ ಹೆಸರನ್ನೂ ಹೊತ್ತಿದೆ. ಮರುವರ್ಷವೇ ಪದ್ಮಭೂಷಣ, ಆಗ ವಯಸ್ಸು ಇಪ್ಪತ್ತಾರು. ಮುಂದೆ ಪುಣೆಯಲ್ಲಿ ಖಗೋಳವಿಜ್ಞಾನಿಗಳ ದೊಡ್ಡ ನೆಲೆಯಾದ ಐಯುಸಿಎಎ ಸಂಸ್ಥೆಯನ್ನು ಕಟ್ಟಿದರು.

ಇಷ್ಟು ಹೆಸರಿದ್ದವರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕಪ್ಪುಕುಳಿಯ ಕಥೆ ಕಳಿಸಿದ್ದು ಕಳ್ಳಹೆಸರಿನಲ್ಲಿ: ನಾರಾಯಣ ವಿನಾಯಕ ಜಗತಾಪ. ತಮ್ಮ ಇನಿಷಿಯಲ್‌ಗಳನ್ನು ಹಿಂದುಮುಂದು ಮಾಡಿದ್ದರು. ಅಕ್ಷರದಿಂದ ಗುರುತು ಸಿಕ್ಕೀತೆಂದು ಹೆಂಡತಿಯ ಕೈಯಲ್ಲಿ ಬರೆಸಿದ್ದರು. ಬಹುಮಾನ ಬಂದಿತು, ಗುಟ್ಟು ರಟ್ಟಾಯಿತು. ಕಥೆ ಕಥೆಯಾಗಿಯೇ ಗೆಲ್ಲಬೇಕು ಎಂಬ ಈ ಹಟ ನನಗೆ ಅವರ ಪದವಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಕಥೆ ಬರೆಯುವ ಚಾಳಿ ಗುರುವಿಗೂ ಇತ್ತು. ಸೂರ್ಯನತ್ತ ಬರುವ ಬುದ್ಧಿವಂತ ಮೋಡವೊಂದರ ಕಾದಂಬರಿಯನ್ನು ಹೊಯ್ಲ್ 1957ರಲ್ಲೇ ಪ್ರಕಟಿಸಿದ್ದರು. ಮಹಾಸ್ಫೋಟದಿಂದ ವಿಶ್ವ ಹುಟ್ಟಿತೆಂಬುದನ್ನು ಇಬ್ಬರೂ ಕೊನೆಯವರೆಗೂ ಒಪ್ಪಲಿಲ್ಲ. ವಿಜ್ಞಾನಲೋಕ ಇವರನ್ನು ಬಿಟ್ಟು ಮುಂದೆ ಹೋಯಿತು. ಆಕಾಶದ ವಾದದಲ್ಲಿ ಸೋತ ಪಕ್ಷದಲ್ಲಿದ್ದವರು ಪಾಣಿಪತದಲ್ಲಿ ಸೋತವರನ್ನು ಗೆಲ್ಲಿಸಿದ್ದು ಕಾಕತಾಳೀಯ ಎನಿಸುವುದಿಲ್ಲ. 'ಹೀಗಾಗದೆ ಹಾಗಾಗಿದ್ದರೆ?' ಎಂದು ಕೇಳುವುದು ಅವರ ದಿನದ ಕಸುಬೇ ಆಗಿತ್ತು. ಸಂಶೋಧನೆಯೂ ಕಥೆಯೂ ಅವರಿಗೆ ಒಂದೇ ಕೆಲಸ.

ಅವರ ಕಥೆಗಳಲ್ಲಿ ಕೊರತೆ ಇಲ್ಲವೆಂದಲ್ಲ. ಪಾತ್ರಗಳು ಆಗಾಗ ಪಾಠಕ್ಕೆ ನಿಲ್ಲುತ್ತವೆ. ಪಾಣಿಪತದ ಕಥೆಯ ಕೊನೆಯಲ್ಲೂ ಗೆಳೆಯನೊಬ್ಬ ಬಂದು ಎಲೆಕ್ಟ್ರಾನಿನ ವರ್ತನೆಯನ್ನು ವಿವರಿಸುತ್ತಾನೆ. ಕಥೆ ಅಲ್ಲಿ ತುಸು ತರಗತಿಯಾಗುತ್ತದೆ. ಆದರೂ ಅವರು ಮರಾಠಿಯಲ್ಲಿ ಬರೆದರು, ಆತ್ಮಕಥೆಗೆ 2014ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

ಕನ್ನಡದಲ್ಲಿ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ 'ಹಸುರು ಹೊನ್ನು' ಕೃತಿಗೆ 1978ರಲ್ಲೇ ಅದೇ ಪ್ರಶಸ್ತಿ ಪಡೆದಿದ್ದರು. ಗಿಡಮರಗಳ ವಿಷಯದಲ್ಲಿ ಕನ್ನಡಕ್ಕೆ ಸಿಕ್ಕ ಈ ಭಾಗ್ಯ ಗ್ರಹತಾರೆಗಳ ವಿಷಯದಲ್ಲಿ ಸಿಗಲಿಲ್ಲ. ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗೆ ದಾರಿ ಮಾಡಿಕೊಟ್ಟರು ನಿಜ. ಆದರೆ ಇಸ್ರೋ ಕೇಂದ್ರ ಕಚೇರಿ, ಕೋರಮಂಗಲದ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ ಎಲ್ಲವೂ ಇರುವ ಬೆಂಗಳೂರಿನಿಂದ ಕನ್ನಡದಲ್ಲಿ ಕಥೆ ಹೇಳಲು ಮುಂದೆ ಬರುವ ಬಾಹ್ಯಾಕಾಶ ವಿಜ್ಞಾನಿಗಳು ವಿರಳ. ಲೇಖನ, ಉಪನ್ಯಾಸಕ್ಕೆ ಬರುತ್ತಾರೆ. ಕಥೆ ಎಂದರೆ ಸಹೋದ್ಯೋಗಿಗಳು ನಕ್ಕಾರೆಂಬ ಅಳುಕು.

ಈ ಅಳುಕಿಗೆ ಮದ್ದಾಗಿ ಪರಿಷತ್ತುಗಳೂ ಸಂಸ್ಥೆಗಳೂ ಸೇರಿ ವರ್ಷಕ್ಕೊಂದು ಗುಪ್ತನಾಮದ ಕಥಾಸ್ಪರ್ಧೆ ನಡೆಸಬಹುದು. ಸೋತವರ ಹೆಸರು ಹೇಗೂ ಹೊರಗೆ ಬರುವುದಿಲ್ಲ.