ಕುಸ್ತಿ ಕಣದ ಪ್ರಾಯೋಜಕರು ಮತ್ತು ಪೈಲ್ವಾನರ ಕತ್ತು

ಬೆಳಗಾವಿಯ ಆನಂದವಾಡಿ ಆಖಾಡದಲ್ಲಾಗಲಿ, ಖಾನಾಪುರ ತಾಲೂಕಿನ ಊರ ಜಾತ್ರೆಗಳಲ್ಲಾಗಲಿ ಕುಸ್ತಿಯ ಕಣ ಕಳೆಗಟ್ಟುವುದು ವರ್ತಕರ ಔದಾರ್ಯದಿಂದ. ಜೋಡಿಗೆ ಇಷ್ಟೆಂದು ಬಹುಮಾನ ಸಾರುವವರು, ಕಬಡ್ಡಿ ತಂಡಕ್ಕೆ ಅಂಗಿ ಹೊಲಿಸಿಕೊಡುವವರು ಬಹುಮಟ್ಟಿಗೆ ವ್ಯಾಪಾರಿಗಳು ಮತ್ತು ಸಣ್ಣ ಉದ್ಯಮಿಗಳೇ. ಕಣಕ್ಕೆ ಇಳಿಯುವವರಲ್ಲಿಯೂ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಖಾನಾಪುರದ ಹೆಂಚು-ಇಟ್ಟಿಗೆಯ ಭಟ್ಟಿಗಳಲ್ಲಿ ದುಡಿಯುವ ತರುಣರು ಇರುತ್ತಾರೆ. ಆದುದರಿಂದ ಕಣದಲ್ಲಿ ಒಬ್ಬನ ಕತ್ತಿಗೆ ಪೆಟ್ಟಾದರೆ ಅದರ ನಷ್ಟ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿಯೂ ದಾಖಲಾಗುತ್ತದೆ.

ಮೆದುಳಿನಿಂದ ಇಳಿಯುವ ಬೆನ್ನುಹುರಿಯು ಕತ್ತಿನ ಎಲುಬುಗಳ ನಡುವಿನ ನಾಳದಲ್ಲಿ ಸಾಗುತ್ತದೆ. ವಯಸ್ಕರಲ್ಲಿ ಈ ನಾಳದ ಮುಂಬದಿಯಿಂದ ಹಿಂಬದಿಯವರೆಗಿನ ಅಳತೆ ಸಾಮಾನ್ಯವಾಗಿ 17-18 ಮಿ.ಮೀ. ಇರುತ್ತದೆ. 13 ಮಿ.ಮೀ.ಗಿಂತ ಕಡಿಮೆಯಿದ್ದರೆ ನಾಳ ಇಕ್ಕಟ್ಟಾಗಿದೆ ಎಂದು ವೈದ್ಯರು ಪರಿಗಣಿಸುತ್ತಾರೆ. ಇದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಇನ್ನು ಕೆಲವರಿಗೆ ಎಲುಬಿನ ಸವೆತ ಮತ್ತು ಡಿಸ್ಕಿನ ಉಬ್ಬುವಿಕೆಯಿಂದ ಉಂಟಾಗುತ್ತದೆ. ನಿತ್ಯದ ಕೆಲಸದಲ್ಲಿ ಯಾವ ತೊಂದರೆಯೂ ಕಾಣದಿರಬಹುದು. ಆದರೆ ಎದುರಾಳಿ ಎತ್ತಿ ಒಗೆದಾಗ, ಕತ್ತಿನ ಮೇಲೆ ಸೇತುವೆ ಕಟ್ಟಿ ಭಾರ ಹೊತ್ತಾಗ, ಕಬಡ್ಡಿಯಲ್ಲಿ ನಾಲ್ಕಾರು ಜನ ಮೇಲೆ ಬಿದ್ದಾಗ ಕತ್ತು ಅತಿಯಾಗಿ ಹಿಂದಕ್ಕೋ ಮುಂದಕ್ಕೋ ಬಾಗಿದರೆ, ಇಕ್ಕಟ್ಟಾದ ನಾಳದಲ್ಲಿ ಹುರಿಗೆ ಸರಿಯಲು ಸ್ಥಳವಿರುವುದಿಲ್ಲ. ಆಗ ಕೈಕಾಲುಗಳಲ್ಲಿ ಉರಿ, ಜೋಮು ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಚಲನೆಯೇ ನಿಂತುಹೋಗುತ್ತದೆ. ಅನೇಕರಲ್ಲಿ ಇದು ಹತ್ತು ಹದಿನೈದು ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ದಿನಗಳಲ್ಲಿ ಪೂರ್ಣವಾಗಿ ಇಳಿಯುತ್ತದೆ.

ಹೀಗೆ ಇಳಿಯುವುದೇ ಮೋಸ. "ನರ ಹಿಡಿದಿತ್ತು, ಬಿಟ್ಟಿತು" ಎಂದು ಎಣ್ಣೆ ತಿಕ್ಕಿಸಿಕೊಂಡು ಮರುವಾರವೇ ತಾಲೀಮಿಗೆ ಇಳಿಯುವವನಿಗೆ ಅದು ಮುನ್ಸೂಚನೆಯಾಗಿ ತೋರುವುದಿಲ್ಲ. ಅಮೇರಿಕೆಯ ಮೂಳೆತಜ್ಞ ಡಾ. ಜೋಸೆಫ್ ಟಾರ್ಗ್ ಮತ್ತು ಸಂಗಡಿಗರು ಇಂತಹ 110 ಪ್ರಕರಣಗಳನ್ನು ಪರಿಶೀಲಿಸಿ 1997ರಲ್ಲಿ ವರದಿ ಪ್ರಕಟಿಸಿದರು. ಮೈತಾಗುವ ಆಟಗಳಿಗೆ ಮರಳಿದವರಲ್ಲಿ ಶೇ. 56 ಮಂದಿಗೆ ಅದೇ ಅನುಭವ ಮರುಕಳಿಸಿತ್ತು. ನಾಳ ಕಿರಿದಾದಷ್ಟೂ ಮರುಕಳಿಸುವ ಸಂಭವ ಹೆಚ್ಚು. ಮರುಕಳಿಸಿದವರೆಲ್ಲರೂ ಅಂಗವಿಕಲರಾದರೆಂದು ಇದರ ಅರ್ಥವಲ್ಲ. ಆ ಅಧ್ಯಯನದಲ್ಲಿ ಹಾಗೆ ಆಗಲೂ ಇಲ್ಲ. ಆದರೆ ಹುರಿಯಲ್ಲಿ ಗಾಯದ ಗುರುತು, ಎಲುಬುಗಳ ಅಸ್ಥಿರತೆ ಅಥವಾ ಮೇಲಿಂದ ಮೇಲೆ ಇಂತಹ ಘಟನೆ ಕಂಡುಬಂದವನು ಕಣಕ್ಕೆ ಇಳಿಯಲೇಬಾರದೆಂಬುದು ಅವರ ಸ್ಪಷ್ಟ ಸಲಹೆಯಾಗಿತ್ತು.

ದೂರದರ್ಶನದ ಕುಸ್ತಿಯಲ್ಲಿ ಎಡ್ಜ್ ಎಂದು ಹೆಸರಾದ ಕೆನಡಾದ ಆಡಂ ಕೋಪ್‌ಲ್ಯಾಂಡ್ 2011ರಲ್ಲಿ ಇದೇ ಕಾರಣಕ್ಕೆ ನಿವೃತ್ತಿ ಘೋಷಿಸಬೇಕಾಯಿತು. 2020ರಲ್ಲಿ ಮರಳಿ ಬಂದರು. ಆ ಕುಸ್ತಿಯ ಫಲಿತಾಂಶ ಮೊದಲೇ ನಿಶ್ಚಯವಾಗಿರಬಹುದು, ಕತ್ತು ಮಾತ್ರ ನಿಜವಾದದ್ದೇ. ಅಂತಹವರ ಹಿಂದೆ ತಜ್ಞ ವೈದ್ಯರ ತಂಡವಿರುತ್ತದೆ. ಭಟ್ಟಿಯ ಕೂಲಿಯವನ ಹಿಂದೆ ಇರುವುದು ವಸ್ತಾದರ ಅನುಭವ ಮಾತ್ರ.

ಹಾಗೆಂದು ಪ್ರತಿಯೊಬ್ಬ ಸ್ಪರ್ಧಾಳುವಿಗೂ ಎಂ.ಆರ್.ಐ. ಮಾಡಿಸಬೇಕೆಂಬ ವಾದ ಖರ್ಚಿನ ದೃಷ್ಟಿಯಿಂದಲೂ ವೈದ್ಯಕೀಯ ದೃಷ್ಟಿಯಿಂದಲೂ ನಿಲ್ಲುವಂತಹದಲ್ಲ. ಎಕ್ಸ್‌-ರೇ ಚಿತ್ರದಲ್ಲಿ ನಾಳದ ಅಗಲವನ್ನು ಎಲುಬಿನ ಅಗಲದೊಡನೆ ಹೋಲಿಸುವ ಕ್ರಮವೊಂದಿದೆ. ದಪ್ಪ ಎಲುಬಿನ ಕ್ರೀಡಾಪಟುಗಳಲ್ಲಿ ನಾಳ ಸರಿಯಾಗಿದ್ದರೂ ಅದು ಇಕ್ಕಟ್ಟೆಂದೇ ತೋರಿಸಿಬಿಡುತ್ತದೆ. ಬಹುಮಾನ ಕೊಡುವವರು ಕೇಳಬೇಕಾದದ್ದು ಬೇರೆ. ಎರಡೂ ಕೈಗಳಿಗೆ ಅಥವಾ ಕೈಕಾಲುಗಳಿಗೆ ಒಮ್ಮೆಗೇ ಜೋಮು ಹಿಡಿದದ್ದುಂಟೇ ಎಂಬ ಒಂದು ಪ್ರಶ್ನೆಯನ್ನು ಹೆಸರು ನೋಂದಾಯಿಸುವಾಗಲೇ ಕೇಳಿಸಿ, ಹೌದೆಂದವನನ್ನು ನರರೋಗ ತಜ್ಞರ ಬಳಿ ಕಳುಹಿಸಿ, ಅವನೊಬ್ಬನ ಎಂ.ಆರ್.ಐ. ವೆಚ್ಚವನ್ನು ಭರಿಸುವುದು ಯಾವ ಪ್ರಾಯೋಜಕನಿಗೂ ಹೊರೆಯಾಗಲಾರದು. ಬಹುಮಾನ ತಪ್ಪೀತೆಂಬ ಭಯದಿಂದ ಹುಡುಗರು ನಿಜವನ್ನು ಮರೆಮಾಚುತ್ತಾರೆಂಬ ಆಕ್ಷೇಪ ಸಹಜವೇ. ಪರೀಕ್ಷೆಗೆ ಹೋದವನಿಗೂ ಕಣಕ್ಕೆ ಇಳಿದವನಷ್ಟೇ ಗೌರವಧನ ಕೊಟ್ಟರೆ ಆ ಭಯ ಅರ್ಧಕ್ಕಿಳಿದೀತು.

ಕಣದಲ್ಲಿ ಬಿದ್ದವನು ಕೈಕಾಲು ಆಡಿಸದಿದ್ದರೆ ಅವನನ್ನು ನಾಲ್ವರು ಸೇರಿ ಎತ್ತಿ ಕೂಡಿಸುವ, ಕತ್ತು ತಿರುವುವ ಪದ್ಧತಿ ನಿಲ್ಲಬೇಕು. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಗಟ್ಟಿ ಹಲಗೆಯ ಮೇಲೆ ಸಾಗಿಸಬೇಕು. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿ.ಮೀ. ದಾರಿ, ಜೀಪಿನ ಹಿಂಬದಿಯಲ್ಲಿ ಮಡಚಿ ಮಲಗಿಸಿ ತರುವಾಗಲೇ ಉಳಿದ ನರವೂ ಕೆಡಬಹುದು.

ಇನ್ನು ಹಣದ ಮಾತು. ಕಾರ್ಮಿಕ ಪರಿಹಾರ ದೊರೆಯುವುದು ಕೆಲಸದ ನಿಮಿತ್ತ, ಕೆಲಸದ ಅವಧಿಯಲ್ಲಿ ಆದ ಗಾಯಕ್ಕೆ ಮಾತ್ರ. ಜಾತ್ರೆಯ ಕುಸ್ತಿ ಸಾಮಾನ್ಯವಾಗಿ ಅದರೊಳಗೆ ಬಾರದು. ಆದರೆ ಮಾಲೀಕರೇ ಕಾರ್ಖಾನೆಯ ಹೆಸರಿನಲ್ಲಿ ತಂಡ ಕಟ್ಟಿ, ಆಡಲು ಆಜ್ಞಾಪಿಸಿ ಕಳುಹಿಸಿದ್ದರೆ ವಾದಕ್ಕೆ ಆಸ್ಪದವಿದೆ. ಇ.ಎಸ್.ಐ. ವ್ಯಾಪ್ತಿಯಲ್ಲಿರುವ ಕಾರ್ಮಿಕನಿಗೆ ಹೊರಗಿನ ಗಾಯಕ್ಕೂ ಚಿಕಿತ್ಸೆಯುಂಟು. ವಂತಿಗೆಯ ಅರ್ಹತೆಯಿದ್ದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅಸ್ವಸ್ಥತಾ ಭತ್ಯೆಯೂ ಉಂಟು. ಹೆಸರು ನೋಂದಾಯಿಸದೆ ದುಡಿಸಿಕೊಳ್ಳುವವರು ಇದನ್ನು ಗಮನಿಸಬೇಕು. ಗುಂಪು ಅಪಘಾತ ವಿಮೆ ಕೊಳ್ಳುವವರು ಹಣ ಪಡೆದು ಆಡುವ ಕ್ರೀಡೆಯನ್ನು ಪಾಲಿಸಿ ಹೊರಗಿಟ್ಟಿದೆಯೇ ಎಂಬುದನ್ನು ಓದಿಯೇ ಸಹಿ ಹಾಕತಕ್ಕದ್ದು.

ಏನೂ ಇಲ್ಲದಿದ್ದಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಯಾದರೂ ಇದೆ. 2022ರ ಜೂನ್‌ನಿಂದ ಅದರ ವಾರ್ಷಿಕ ಕಂತು 20 ರೂಪಾಯಿ. ಅಪಘಾತದಿಂದ ಎರಡೂ ಕೈ ಅಥವಾ ಎರಡೂ ಕಾಲುಗಳ ಶಕ್ತಿ ಶಾಶ್ವತವಾಗಿ ಹೋದರೆ 2 ಲಕ್ಷ ರೂಪಾಯಿ ಪರಿಹಾರ. ಗೆದ್ದವನ ಕೊರಳಿಗೆ ಹಾಕುವ ಹಾರಕ್ಕೆ ಇದಕ್ಕಿಂತ ಹೆಚ್ಚು ಹಣ ತಗಲುತ್ತದೆ. ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದೊಳಗಿನವರು ಸೇರಬಹುದು; ವಿಮಾ ವರ್ಷ ಜೂನ್ 1ರಿಂದ ಮೇ 31ರವರೆಗೆ.